ಬ್ಯಾಟರಿ ಬಿಡಿಸುವ ತೊಕ್ತೊಸುನ್

ಓಶ್ ಪೇಟೆಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ತೊಕ್ತೊಸುನ್, ಯಾರು ಏನು ತಂದರೂ ಮೊದಲು "ಇದು ಆಗಲ್ಲ" ಎಂದೇ ಕೈಗೆತ್ತಿಕೊಳ್ಳುವ ಮನುಷ್ಯ. ವರ್ಷಗಟ್ಟಲೆ ಬರೆದ ನನ್ನ ಪುಸ್ತಕದ ಒಂದೇ ಪ್ರತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಸತ್ತಿದ್ದ ಲ್ಯಾಪ್‌ಟಾಪನ್ನು ತಿರುವಿ ನೋಡಿ, "ಬ್ಯಾಟರಿ ಉಬ್ಬಿದೆ ಅಣ್ಣಾ, ನಿಮ್ಮ ಹಾಗೇನೇ. ಅಂಟು ಬಳಿದು ಕೂರಿಸಿದಾರೆ. ಬಿಚ್ಚೋಕಂತ ಮಾಡಿದ್ದಲ್ಲ ಇದು, ಬಿಸಾಕೋಕಂತ ಮಾಡಿದ್ದು" ಎಂದು ತಯಾರಿಸಿದವರ ಏಳು ತಲೆಮಾರನ್ನೂ ಬೈದ. ಅಂಗಡಿಯಲ್ಲಿರುವ ಹಿರಿಯರು ಹರಸದೆ ಅವನು ಒಂದು ತಿರುಪನ್ನೂ ಮುಟ್ಟುವುದಿಲ್ಲ. ಅಂದು ಅಂಗಡಿಯಲ್ಲಿ ಹರಟುತ್ತಿದ್ದವರಲ್ಲಿ ಹಿರಿತನಕ್ಕೆ ಸಿಕ್ಕಿದ್ದು ನನ್ನ ಬೋಳುತಲೆಯೊಂದೇ ಆದ್ದರಿಂದ, ನನ್ನ ಲ್ಯಾಪ್‌ಟಾಪಿಗೆ ನಾನೇ ಅಲ್ಲಿ ಹಿರಿಯರು ಹರಸುವ ರೂಢಿಯಂತೆ ಅಂಗೈ ಚಾಚಿ ದೀರ್ಘಾಯುಷ್ಯ ಕೋರಿ ಮುಖ ಸವರಿಕೊಂಡೆ. "ಈಗ ಎಲ್ಲರೂ ಹೊರಗೆ! ನಿಮ್ಮ ಹರಟೆಗೆ ಅಂಟು ಬಿಡಲ್ಲ" ಎಂದು ಗದರಿ, ನಮ್ಮನ್ನೆಲ್ಲ ಅಟ್ಟಿ ಬಾಗಿಲೆಳೆದುಕೊಂಡ. ಉಬ್ಬಿದ ಬ್ಯಾಟರಿಗೆ ಚೂರು ಗೀರು ಬಿದ್ದರೂ ಬೆಂಕಿ ಹತ್ತುತ್ತದೆ ಎಂದು ಪಕ್ಕದ ಅಂಗಡಿಯವಳು ಹೇಳಿದಾಗಲೇ ಆ ಗದರಿಕೆ ಏಕೆಂದು ನನಗೆ ಹೊಳೆದದ್ದು. ಕಿಟಕಿಯಲ್ಲಿ ಇಣುಕಿದೆ: ಬೆವರೊರೆಸಿಕೊಳ್ಳುತ್ತ, ಬೆದರಿದ ಕುದುರೆಮರಿಯನ್ನು ರಮಿಸುವಂತೆ "ಬಾ ಕಂದಾ, ಮೆಲ್ಲಗೆ ಬಾ" ಎನ್ನುತ್ತಿದ್ದ. ಕೊನೆಗೂ ಬಾಗಿಲು ತೆರೆಯಿತು. ಹೊಸ ಬ್ಯಾಟರಿ ಕೂತಿತ್ತು, ಪರದೆಯ ಮೇಲೆ ನನ್ನ ಪುಸ್ತಕ ಒಂದಕ್ಷರವೂ ಹೋಗದೆ ಬೆಳಗುತ್ತಿತ್ತು. "ಇಷ್ಟಕ್ಕೆಲ್ಲ ಹೆದರ್ತಾರೇನಣ್ಣಾ!" ಎಂದು ತೊಕ್ತೊಸುನ್ ಜೋರಾಗಿ ನಕ್ಕ. ಹಾಗಂದವನೇ ಉಬ್ಬಿದ ಹಳೆಯ ಬ್ಯಾಟರಿಯನ್ನು ಮರಳಿನ ಬಕೆಟ್ಟಿನಲ್ಲಿ ಹೂತು, ದೂರ ಇಟ್ಟು ಬಂದ. ಹಿರಿಯರಿಗೆ ಕಿರಿಯರೇ ಬಗ್ಗಿಸಿಕೊಡಬೇಕಾದ ಚಹಾವನ್ನು ಅಂದು ನಾನೇ ಬಗ್ಗಿಸಿ ಅವನ ಮುಂದಿಟ್ಟೆ.