ಮಾವನವರು ದನಿ ತಗ್ಗಿಸಿದ್ದು

ನಮ್ಮ ಮಾವ ಬೋರೇಗೌಡರಿಗೆ ಮೆಲ್ಲಗೆ ಮಾತಾಡುವುದು ಗೊತ್ತಿರಲಿಲ್ಲ. ದುದ್ದದ ಕೆರೆ ಏರಿಯ ಮೇಲೆ ನಿಂತು "ಮಜ್ಜಿಗೆ ಕಳ್ಸಿ" ಎಂದರೆ ಒಲೆ ಮುಂದೆ ಕೂತ ನಮಗೆ ಕೇಳುತ್ತಿತ್ತು. ನಮಗೆ ಮಾತ್ರವೇನು, ಬೀದಿಯ ಅಷ್ಟೂ ಮನೆಗೆ ಕೇಳುತ್ತಿತ್ತು. ಯಾವುದೋ ಗಡಿ ತಕರಾರಿಗೆ ಸಾಕ್ಷಿ ಹೇಳಲು ಮಂಡ್ಯದ ಕಚೇರಿಗೆ ಹೋದಾಗ, ಇವರು ಬಾಯಿ ತೆರೆದದ್ದೇ ತಡ, ಅಮಲ್ದಾರರು ಲೇಖನಿ ಕೆಳಗಿಟ್ಟು, "ಗೌಡರೇ, ನೀವು ನಿಮ್ಮೂರಲ್ಲೇ ನಿಂತು ಹೇಳಿದ್ದರೂ ಆಗುತ್ತಿತ್ತು, ಸುಮ್ಮನೆ ಬಂಡಿ ಕಟ್ಟಿಸಿಕೊಂಡು ಬಂದಿರಿ" ಎಂದರಂತೆ. ಈ ಕತೆಯನ್ನು ಮಾವನೇ ಹೇಳಿಕೊಂಡು ನಗುತ್ತಿದ್ದರು. ಆ ನಗುವಿಗೆ ಸೂರಿನ ಗುಬ್ಬಚ್ಚಿಗಳು ಹಾರಿಹೋಗುತ್ತಿದ್ದವು.

ನಾನು ಮಳವಳ್ಳಿ ಕಡೆಯ ಪೂರಿಗಾಲಿಯವಳು. ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಪಡಸಾಲೆಯಿಂದ "ನೀರ್ ಕೊಡವ್ವ" ಎಂದ ಸದ್ದಿಗೆ ನನ್ನ ಕೈಯ ಚೊಂಬು ಜಾರಿ ಅಂಗಳದವರೆಗೂ ಉರುಳಿತು. ಇನ್ನು ಬೈಗುಳ ಬಂತೆಂದು ತಲೆ ತಗ್ಗಿಸಿ ನಿಂತೆ. ಅವರೇ ಎದ್ದು ಹೋಗಿ ಚೊಂಬು ತಂದುಕೊಟ್ಟು, "ಎದುರ್ಕಬ್ಯಾಡ ಕಣವ್ವ, ದೇವ್ರು ನಂಗೆ ಗಂಟ್ಲು ಮಾಡ್ವಾಗ ಅಳ್ತೆ ಮರ್ತ್ಬುಟ್ಟವ್ನೆ" ಎಂದರು. ಹಾಗೆಂದದ್ದೂ ಅದೇ ಗಂಟಲಿನಲ್ಲಿ.

ತವರಿನಿಂದ ನನ್ನ ಜೊತೆ ಬಂದ ಜೀವವೆಂದರೆ ಒಂದು ಬೂದು ಬಣ್ಣದ ಬೆಕ್ಕು. ಆಗಿನ್ನೂ ಅಂಗೈಯಗಲದ ಮರಿ, ಮುಚ್ಚಳದ ಬುಟ್ಟಿಯಲ್ಲಿ ದಾರಿಯುದ್ದಕ್ಕೂ ಅಳುತ್ತ ಬಂದಿತ್ತು. ಬಂಡಿಯ ಇನ್ನೊಂದು ಮೂಲೆಯಲ್ಲಿ ನಾನೂ ಅಳುತ್ತಿದ್ದೆನಾದ್ದರಿಂದ ಯಾವ ಅಳು ಯಾರದೆಂದು ತಿಳಿಯುವಂತಿರಲಿಲ್ಲ. ಬಳುವಳಿಗೆ ಹಸು ಕೊಡುವುದು ಕೇಳಿದ್ದೇವೆ, ಬೆಕ್ಕು ಕೊಟ್ಟವರನ್ನು ಕಂಡಿಲ್ಲ ಎಂದು ಬೀದಿಯ ಹೆಂಗಸರು ಆಡಿಕೊಂಡರು. ಅತ್ತೆಗೂ ಅದು ಹಿಡಿಸಲಿಲ್ಲ. ಮಾವ ಮಾತ್ರ ಅದಕ್ಕೆ 'ಪೂರಿಗಾಲಿ ಗೌಡ್ತಿ' ಎಂದು ಹೆಸರಿಟ್ಟರು. ಹೊಲದಿಂದ ಬಂದವರು ಬಾಗಿಲಲ್ಲೇ, "ಏನಮ್ಮೀ ಗೌಡ್ತಿ, ಊಟಾಯ್ತಾ?" ಎಂದು ಗುಡುಗಿದರೆ, ಅಟ್ಟದ ಮೇಲಿದ್ದರೂ ಧುಮುಕಿ ಓಡಿಬಂದು ಅವರ ಕಾಲು ಸುತ್ತುತ್ತಿತ್ತು. ಆ ಮನೆಯಲ್ಲಿ ಅವರ ದನಿಗೆ ಬೆಚ್ಚದ ಜೀವ ಅದೊಂದೇ. ಅವರು ಹಾಲು ಮುದ್ದೆ ಉಣ್ಣುವಾಗ ಕೊನೆಯ ತುತ್ತು ಅದರದು. ನನ್ನನ್ನು ತವರಿನ ಹೆಸರಲ್ಲಿ ಯಾರೂ ಕರೆಯದ ಮನೆಯಲ್ಲಿ ನನ್ನ ಊರಿನ ಹೆಸರು ದಿನವೂ ಅಷ್ಟು ಜೋರಾಗಿ ಕೇಳುತ್ತಿತ್ತಲ್ಲ, ನನಗೆ ಅದೇ ದೊಡ್ಡ ಸಮಾಧಾನವಾಗಿತ್ತು.

ಹೀಗೆ ನಾಲ್ಕೈದು ವರ್ಷ ಕಳೆದಿರಬೇಕು. ಒಂದು ಬೇಸಗೆಯ ಮಧ್ಯಾಹ್ನ ಮಾವ ಎಂದಿನಂತೆ ಬಾಗಿಲಲ್ಲಿ ಕೂಗಿದರು. ಬೆಕ್ಕು ಓಡಿಬರಲಿಲ್ಲ. ಕಿವಿ ಹಿಂದಕ್ಕೆ ಮಡಿಸಿ, ಹೊಟ್ಟೆ ನೆಲಕ್ಕೆ ಹಚ್ಚಿ ಮಂಚದ ಕೆಳಗೆ ಸರಿಯಿತು.

"ಅವ್ವ, ನಿನ್ ಗೌಡ್ತಿಗೆ ಏನೋ ಆಗದೆ" ಎಂದರು ಮಾವ.

"ಬಿಸ್ಲು ಮಾವಯ್ಯ" ಎಂದೆ.

"ಬಿಸ್ಲಲ್ಲ ಕಣವ್ವ. ಮೈ ನೋಡು, ನೆಕ್ಕಂಡೇ ಇಲ್ಲ."

ನಿಜ. ದಿನಕ್ಕೆ ಹತ್ತು ಸಲ ಮೈ ನೆಕ್ಕಿಕೊಳ್ಳುತ್ತಿದ್ದ ಬೆಕ್ಕಿನ ಕೂದಲು ಗಂಟುಗಂಟಾಗಿ ನಿಂತಿತ್ತು. ಆಮೇಲೆ ಕಾಯಿಲೆಯ ಲಕ್ಷಣ ಒಂದೊಂದೇ ಕಾಣತೊಡಗಿತು. ಅಟ್ಟದ ಕೆಳಗೆ ನಿಂತು ಮೇಲೆ ನೋಡುವುದು, ಹಾರದೆ ಹಿಂತಿರುಗುವುದು. ನೀರಿನ ಬಾನಿಯ ಅಂಚಿಗೆ ಮುಖ ಚಾಚಿ ಕುಡಿಯದೆ ಕೂತಿರುವುದು. ಅಷ್ಟು ಅಚ್ಚುಕಟ್ಟಿನ ಪ್ರಾಣಿ ಕೂತಲ್ಲೇ ಒದ್ದೆ ಮಾಡಿಕೊಳ್ಳುವುದು. ಕಡೆಗೆ ನಡುಮನೆಯಲ್ಲಿ ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಗಳ ಸಂದಿಗೆ ಸೇರಿಕೊಂಡಿತು. ಎತ್ತಿಕೊಳ್ಳಲು ಕೈ ಹಾಕಿದೆ. ಹಲ್ಲು ಇಳಿಯುವಂತೆ ಕಚ್ಚಿತು.

ರಕ್ತಕ್ಕಿಂತ ಹೆಚ್ಚಾಗಿ ಅವಮಾನಕ್ಕೆ ನಾನು ಅತ್ತುಬಿಟ್ಟೆ. ನನ್ನ ಬೆಕ್ಕು ನನ್ನನ್ನೇ ಕಚ್ಚಿತಲ್ಲ! ಮಾವ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಆಗ ನಾನು ಎಂದೂ ಕೇಳದ ಸದ್ದೊಂದು ಕೇಳಿತು. ಕತ್ತಿನ ನರ ಉಬ್ಬಿಸಿಕೊಂಡು, ಉಸಿರು ಬಿಗಿ ಹಿಡಿದು ಅವರು ಪಿಸುಗುಡುತ್ತಿದ್ದರು.

"ನಿನ್ ಮ್ಯಾಲೆ ಕ್ವಾಪ ಅಲ್ಲ ಕಣವ್ವ. ಅದುಕ್ಕೆ ಮೈಯೆಲ್ಲ ನೋವು. ಮುಟ್ಟಬ್ಯಾಡ, ದುರುಗುಟ್ಕಂಡ್ ನೋಡೂಬ್ಯಾಡ. ನೋಡುದ್ರೆ ಎದುರ್ಕತದೆ. ನಾವಿಲ್ಲೇ ಇದ್ದೀವಿ ಅಂತ ಗೊತ್ತಾದ್ರೆ ಸಾಕು."

ಅಂದಿನಿಂದ ನಮ್ಮ ಮನೆಯಲ್ಲಿ ಮಾವನ ದನಿ ಅಡಗಿತು. ಕೊಬ್ಬರಿ ಚಿಪ್ಪಿನಲ್ಲಿ ನೀರಿಟ್ಟು, ಹಳೆಯ ಪಂಚೆಯನ್ನು ಮಡಿಸಿ ಸಂದಿಗೆ ತಳ್ಳಿ, ತಾವು ವಾಡೆಗೆ ಬೆನ್ನು ಮಾಡಿ ಕೂರುತ್ತಿದ್ದರು. ಎತ್ತನ್ನು ಬಯ್ಯಬೇಕಾದರೆ ಕಣದವರೆಗೆ ನಡೆದುಹೋಗಿ ಬಯ್ದು ಬರುವರು. ಒಮ್ಮೆ ಸಂದಿಯಿಂದ ಗುರುಗುರು ಸದ್ದು ಕೇಳಿ ನಾನು ಹಿಗ್ಗಿದೆ. ಮಾವ ತಲೆಯಾಡಿಸಿದರು. "ನೋವಾದಾಗ್ಲೂ ಅಂಗಂತದೆ. ತನ್ ತಾನೇ ಸಮಾಧಾನ ಮಾಡ್ಕತದೆ, ಪಾಪ." ಅಷ್ಟು ದೊಡ್ಡ ಆಳು ಅಷ್ಟು ಸಣ್ಣ ಜೀವಕ್ಕಾಗಿ ತನ್ನ ಹುಟ್ಟು ಗುಣವನ್ನೇ ನುಂಗಿಕೊಂಡು ಕೂತದ್ದನ್ನು ಕಂಡು, ನಾನು ಅವರ ಬಗ್ಗೆ ಇಟ್ಟುಕೊಂಡಿದ್ದ ಹೆದರಿಕೆ ಎಲ್ಲಿ ಹೋಯಿತೋ ಕಾಣೆ.

ಅದೇ ವಾರ ನನ್ನ ನಾದಿನಿ ಸಾಕಮ್ಮನ ಸಂಬಂಧದ ಮಾತಿಗೆ ನೆಂಟರು ಬರುವವರಿದ್ದರು. ಮಂಡ್ಯದ ಪಕ್ಕದ ಹಳ್ಳಿಯವರು. ಆಗ ತಾನೇ ನಾಲೆ ನೀರು ಹರಿದು, ಸಕ್ಕರೆ ಕಾರ್ಖಾನೆ ಎದ್ದು, ಆ ಕಡೆ ಎಲ್ಲೆಲ್ಲೂ ಕಬ್ಬಿನ ಮಾತು. ನಾಲೆ ಗದ್ದೆಯ ಮನೆಗೆ ಹೆಣ್ಣು ಕೊಡುವುದೆಂದರೆ ಪುಣ್ಯ ಮಾಡಿರಬೇಕು ಎನ್ನುವ ಕಾಲ. ಈ ಸಂಬಂಧಕ್ಕಾಗಿ ಮಾವ ಬಹಳ ಓಡಾಡಿದ್ದರು. ಅತ್ತೆ ನನ್ನನ್ನು ಹಿತ್ತಲಿಗೆ ಕರೆದು ಹೇಳಿದರು: "ಮನೇಲಿ ಬೆಕ್ಕು ಸತ್ರೆ ಎಂಗೆ? ಎಲ್ರೂ ಮಾಡೋ ಅಂಗೆ ಚೀಲ್ದಲ್ ಆಕಿ ಅಳ್ಳದಾಚೆ ಬುಡುಸ್ಬಾರ್ದಾ? ಸಾಕಿ ಸಂಬಂಧಕ್ಕೆ ಏನಾರ ಆದ್ರೆ ನಿನ್ನ ಸುಮ್ಕೆ ಬುಡಾಕಿಲ್ಲ, ಏಳಿವ್ನಿ." ಸುಮ್ಮನೆ ಆಡುವ ಮಾತಲ್ಲ ಅದು. ಸಂಬಂಧ ಮುರಿದರೆ ಸಾಯುವವರೆಗೂ ಆ ಮನೆಯಲ್ಲಿ ನಾನು ಬೆಕ್ಕು ತಂದು ಮನೆ ಕೆಡಿಸಿದವಳು. ಮಾವನ ಮುಂದೆ ಹೋಗಿ, ಬುಡಿಸಿಬಿಡಿ ಮಾವಯ್ಯ ಎಂದೆ. ಅವರು, "ಅದು ಇರೋ ಜಾಗ್ದಲ್ಲೇ ಇರ್ಲಿ" ಎಂದರು, ಅಷ್ಟೆ.

ನೆಂಟರು ಬಂದರು. ಹುಡುಗನ ಅಪ್ಪ, ಅವರಣ್ಣ. ನಡುಮನೆಯಲ್ಲೇ ಜಮಖಾನ ಹಾಸಿ ಕೂರಿಸಿದೆವು. ಅತ್ತೆ, ಸಾಕಮ್ಮ ಹಿತ್ತಲ ಒಲೆಯಲ್ಲಿ ಅಡುಗೆಗೆ ನಿಂತಿದ್ದರು. ನಾನು ಕೋಣೆ ಬಾಗಿಲ ಮರೆಯಲ್ಲಿ ಎಲೆ ಅಡಿಕೆ ತಟ್ಟೆ ಹಿಡಿದು ಕಾಯುತ್ತಿದ್ದೆ. ಮಾವ ಮಳೆ ಬೆಳೆ ಎಲ್ಲವನ್ನೂ ಪಿಸುಮಾತಿನಲ್ಲೇ ವಿಚಾರಿಸಿಕೊಂಡರು. ನೆಂಟರು ಮುಖ ಮುಖ ನೋಡಿಕೊಂಡರು.

"ಗೌಡ್ರೆ, ನಿಮ್ ಗಂಟ್ಲು ಏಳೂರಿಗೆ ಕೇಳ್ತದೆ ಅಂತಿದ್ರು" ಎಂದರು ಹುಡುಗನ ಅಪ್ಪ. "ಇದೇನ್ ಇಂಗೆ ಪಿಸಪಿಸ ಅಂತೀರಿ? ಒಳಗ್ ಯಾರಾರ ಮನಿಕಂಡವ್ರಾ? ಕಾಯ್ಲೆ ಕಸಾಲೆ ಇದ್ರೆ ಮುಚ್ಚಿಡಬ್ಯಾಡಿ."

ಕ್ಷಯದ ಹೆಸರು ಹೇಳಿದರೆ ಸಂಬಂಧಗಳು ಮುರಿಯುತ್ತಿದ್ದ ಕಾಲ. ನೆಗಡಿ ಅಂದುಬಿಡಿ ಮಾವಯ್ಯ, ನೆಗಡಿ ಅಂದುಬಿಡಿ ಎಂದು ನಾನು ಒಳಗೇ ಬೇಡಿಕೊಂಡೆ.

"ಬೆಕ್ಕು ಸಾಯ್ತಾ ಅದೆ" ಎಂದರು ಮಾವ. "ಆ ವಾಡೆ ಸಂದಿಲಿ. ಸದ್ದಾದ್ರೆ ನಡುಗ್ತದೆ."

ನೆಂಟರಿಗೆ ಮೊದಲು ನಗು ಬಂತು. ಆಮೇಲೆ ಮುಖ ಗಂಟಾಯಿತು. "ಒಳ್ಳೆ ಮಾತಾಡೋ ದಿನ ಇದೇನ್ ಗೌಡ್ರೆ ಅಪಶಕುನ? ಒಂದ್ ಚೀಲ್ದಲ್ ಆಕ್ಸಿ ಆಚೆ ಕಳ್ಸಿ. ಆಮ್ಯಾಲೆ ಎಲೆ ಅಡಿಕೆ ಬದ್ಲಾಯಿಸ್ಕಳಾನ."

"ಎತ್ತುದ್ರೆ ಕಿರುಚ್ತದೆ. ಇವತ್ತೋ ನಾಳೇನೋ ಅನ್ನಂಗದೆ. ವಸಿ ತಡ್ಕಳಿ, ಇನ್ನೊಂದಿನ ಬನ್ನಿ."

"ಒಂದ್ ಬೆಕ್ಕಿಗೋಸ್ಕರ ನಾವು ಮತ್ತೆ ಬಂಡಿ ಕಟ್ಬೇಕಾ? ನಿಮ್ಮನೇಲಿ ಚೀಲ ಇಲ್ದಿದ್ರೆ ನಮ್ ಬಂಡೀಲದೆ."

ಮಾವನ ಮುಖಕ್ಕೆ ರಕ್ತ ಏರಿದ್ದು ಬಾಗಿಲ ಸಂದಿಯಿಂದಲೂ ಕಂಡಿತು. ಈಗ ಮನೆ ಹಾರಿಹೋಗುತ್ತದೆ ಅಂದುಕೊಂಡೆ. ಅವರು ವಾಡೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಅದೇ ಪಿಸುದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಕೇಳಿದರು:

"ನಾಳೀಕೆ ನನ್ ಮಗ್ಳು ನಿಮ್ಮನೇಲಿ ಜರ ಬಂದು ಮನಿಕಂಡ್ರೆ, ಆಗ್ಲೂ ಚೀಲ ತತ್ತೀರಾ?"

ನೆಂಟರು ಎದ್ದರು. ಬಂಡಿ ತಿರುಗಿದ ಸದ್ದಿಗೆ ಅತ್ತೆ ಹಿತ್ತಲಿನಿಂದ ಓಡಿ ಬಂದರು. ಅತ್ತೆಯ ಕಣ್ಣು ನೇರ ನನ್ನ ಮೇಲೆ ಬಿತ್ತು. ಅವರು ಬಾಯಿ ತೆರೆಯುವಷ್ಟರಲ್ಲಿ ಮಾವ ಅಂಗಳ ದಾಟಿ, ಹುಲ್ಲಿನ ಮೆದೆಯನ್ನೂ ದಾಟಿ, ಬೀದಿಯ ಕೊನೆಗೆ ಹೋಗಿ ನಿಂತಿದ್ದರು. ಅಲ್ಲಿಂದ ಅವರ ಗಂಟಲು ಪೂರಾ ಬಿಚ್ಚಿಕೊಂಡಿತು.

"ಲೇ, ಆ ಸಂಬಂಧ ನಂಗೆ ಬ್ಯಾಡ! ನಮ್ಮನೇಲಿ ಕುಂತ್ಕಂಡು ನಂಗೇ ಅಪ್ಪಣೆ ಮಾಡ್ತಾನೆ ಆ ಮನ್ಸ! ನಾಲೆ ನೀರಿದ್ರೆ ಅವನ ಗದ್ದೇಲಿರ್ಲಿ! ನಾನೇ ಬ್ಯಾಡ ಅಂದಿವ್ನಿ, ಇನ್ ಯಾರೂ ಮಾತಾಡಂಗಿಲ್ಲ!"

ಊರಿಗೂರೇ ಕೇಳಿಸಿಕೊಂಡಿತು. ಬೋರೇಗೌಡ ಸಿಟ್ಟಿಗೆ ಬಿದ್ದು ಚಿನ್ನದಂಥ ಸಂಬಂಧ ಕಳೆದ ಎಂದು ಜನ ಆಡಿಕೊಂಡರು. ಬೆಕ್ಕಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅತ್ತೆ ಆಮೇಲೆ ಎಷ್ಟೋ ಕಾಲ, ಕಬ್ಬಿನ ಗಾಡಿ ಕಂಡಾಗಲೆಲ್ಲ ಮಾವನನ್ನು ಚುಚ್ಚುತ್ತಿದ್ದರು. ಅವರು ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಸಾಕಮ್ಮ ಮರುವರ್ಷ ಮದ್ದೂರಿನ ಕಡೆಗೆ ಮದುವೆಯಾಗಿ ಹೋದಳು. ಗದ್ದೆ ಕಡಿಮೆ, ಮನೆಯವರು ಒಳ್ಳೆಯವರು.

ನೆಂಟರು ಹೋದ ಸಂಜೆ ಬೆಕ್ಕು ತಾನಾಗಿ ಸಂದಿಯಿಂದ ಹೊರಗೆ ಬಂತು. ಹಿಂಗಾಲು ಎಳೆದುಕೊಂಡು, ನಡುನಡುವೆ ಕೂತು ದಣಿವಾರಿಸಿಕೊಂಡು ನನ್ನ ಹತ್ತಿರ ಬಂದು ಸೆರಗಿನ ಮೇಲೆ ತಲೆಯಿಟ್ಟಿತು. ನಾನು ಮುಟ್ಟಲಿಲ್ಲ. ಮಾವ ದೂರದಿಂದಲೇ, "ಈಗ ಮುಟ್ಟವ್ವ" ಎಂದರು. ಬೆಳಗಾಗುವುದರೊಳಗೆ ಜೀವ ಹೋಗಿತ್ತು. ಮಾವ ತಮ್ಮ ಹೆಗಲ ವಲ್ಲಿಯಲ್ಲೇ ಅದನ್ನು ಸುತ್ತಿ, ಹಿತ್ತಲಲ್ಲಿ ತಾವೇ ಗುಂಡಿ ತೋಡಿ ಮಣ್ಣು ಮಾಡಿದರು.

ಕೆಲವು ವರ್ಷಗಳ ಮೇಲೆ ನನ್ನ ಯಜಮಾನರಿಗೆ ಮಂಡ್ಯದಲ್ಲಿ ಕೆಲಸವಾಗಿ ನಾವು ಊರು ಬಿಟ್ಟೆವು. ಆ ವರ್ಷವೇ ಮಾವ ಹೋದರು, ಸುದ್ದಿ ಬಂದು ನಾನು ದುದ್ದ ತಲುಪುವಾಗ ಮಣ್ಣಾಗಿತ್ತು. ಹಾಗಾಗಿ ಅವರನ್ನು ಕಡೆಯದಾಗಿ ಕಂಡದ್ದು ನಾವು ಬಂಡಿ ಹತ್ತಿದ ಆ ಬೆಳಿಗ್ಗೆಯೇ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೇಳದೆ ಹೋಗಲಾರೆ ಅನ್ನಿಸಿ ನಾನು ಮೆಲ್ಲಗೆ ಕೇಳಿದೆ: "ಮಾವಯ್ಯ, ಅವತ್ತು ಸಾಕಮ್ಮನ ಸಂಬಂಧ ತಪ್ಪಿದ್ದು ನನ್ ಬೆಕ್ಕಿಂದ ಅಲ್ವಾ?"

ಅತ್ತೆಗೆ ಕೇಳುವಂತೆ, ಬೀದಿಗೆಲ್ಲ ಕೇಳುವಂತೆ ಮಾವ ಹೇಳಿದರು:

"ಬೆಕ್ಕಾ? ಯಾವ್ ಬೆಕ್ಕವ್ವ? ನಮ್ಮನೇಲಿ ಬೆಕ್ಕೆಲ್ಲಿತ್ತು?"

ಹೇಳುವಾಗ ಅವರ ಕಣ್ಣು ಮಾತ್ರ ಹಿತ್ತಲ ಕಡೆ ಹೋಗಿತ್ತು.