ಮೂರು ತಿಂಗಳು ಯಾಕೆ?

ಚಳಿಗಾಲ ಬಂತೆಂದರೆ ಮುಂಬೈ ಹತ್ತಿರದ ನಮ್ಮ ರಬಾಳೆಯ ಕಾರ್ಖಾನೆಗಳ ಹೊಗೆ ನಮ್ಮ ಕಿಟಕಿಯ ಮಟ್ಟಕ್ಕೇ ಇಳಿದು ನಿಲ್ಲುತ್ತದೆ, ನನ್ನ ಗಂಡನಿಗೆ ಕೆಮ್ಮು ಹಿಡಿಯುತ್ತದೆ. ಹಿಂದಿನ ವರ್ಷ ಹೊರದೇಶವೊಂದರ ಕಡಲತೀರದಲ್ಲಿ ಕೆಲವು ವಾರ ಇದ್ದಾಗ ಆ ಕೆಮ್ಮು ನಿಂತೇಹೋಗಿತ್ತು. ಹಾಗಾಗಿ ಈ ಸಲ ಚಳಿಗಾಲವಿಡೀ ಅಲ್ಲೇ ಇರೋಣವೆಂದು ಟೂರಿಸ್ಟ್ ವೀಸಾಕ್ಕೆ ಅರ್ಜಿ ಹಾಕಿದೆವು.

"ಟೂರಿಸ್ಟುಗಳು ವಾರ ಇದ್ದು ಬರ್ತಾರೆ. ನಿಮಗೆ ಮೂರು ತಿಂಗಳು ಯಾಕೆ?" ಎಂದು ವೀಸಾ ಕಚೇರಿಯ ಅಧಿಕಾರಿ ಹಿಂದಿಯಲ್ಲಿ ಕೇಳಿದ.

ನಾನು ಕೆಮ್ಮಿನ ವಿಷಯ ಹೇಳಿದೆ. "ಹಾಗಾದರೆ ಇದು ಮೆಡಿಕಲ್, ಟೂರಿಸ್ಟ್ ಅಲ್ಲ" ಎಂದ. ಸಮುದ್ರ ನೋಡಲಿಕ್ಕೂ ಹೌದು ಎಂದೆ. "ಮುಂಬೈಯಲ್ಲಿ ಸಮುದ್ರ ಇಲ್ವಾ?" ಎಂದ. ಆಮೇಲೆ ಅರ್ಜಿಯ ಮೇಲೆ ಕಣ್ಣಾಡಿಸಿ ಗಂಡನ ಕಡೆ ತಿರುಗಿ, "ಹೋಟೆಲಿನವರಲ್ವಾ? ಅಲ್ಲಿ ಯಾರ ಕಿಚನ್‌ನಲ್ಲಿ ಕೆಲಸ ಗೊತ್ತುಮಾಡಿಕೊಂಡಿದ್ದೀರಿ?" ಎಂದು ನಕ್ಕ.

ಠಾಣೆ ಊರಿನ ಮಾಜಿವಾಡಾದಲ್ಲಿ ಸ್ವಂತ ಹೋಟೆಲ್ ಕಟ್ಟಿ ಬೆಳೆಸಿ, ಅದನ್ನು ಮಗಳಿಗೆ ಒಪ್ಪಿಸಿ ಬಂದ ಮನುಷ್ಯ ಇವರು. ತಲೆ ತಗ್ಗಿಸಿದರು. ನನಗೆ ಮೈಯೆಲ್ಲ ಉರಿಯಿತು.

"ಇಡ್ಲಿ ಮಾರಿ ಬದುಕಿದವರು ನಾವು, ಕದ್ದು ಓಡಿಹೋಗುವವರಲ್ಲ. ನಮ್ಮ ಪಾಸ್‌ಪೋರ್ಟ್ ವಾಪಸ್ ಕೊಡಿ!" ಎಂದು ಕನ್ನಡದಲ್ಲೇ ಕೂಗಿದೆ. ಪಾಸ್‌ಪೋರ್ಟ್ ಎಂಬ ಮಾತು ಅವನಿಗೆ ಅರ್ಥವಾಯಿತು. ಎರಡನ್ನೂ ಮೇಜಿನ ಮೇಲೆ ತಳ್ಳಿದ.

ಲೋಕಲ್ ಗಾಡಿಯಲ್ಲಿ ಇವರು, "ಸ್ವಲ್ಪ ತಾಳಿದ್ದರೆ ಕೊಡ್ತಿದ್ದನೇನೋ" ಎಂದರು.

"ಅವನ ಕೈಯಿಂದ ನನಗೆ ಬೇಡ" ಎಂದೆ.

ಠಾಣೆ ಸ್ಟೇಷನ್ನಿನಲ್ಲಿ ಇಳಿದು ರಬಾಳೆಯ ಗಾಡಿ ಹತ್ತಿದೆವು. ಈ ಚಳಿಗಾಲ ಇಲ್ಲೇ ಕಳೆಯುತ್ತಿದೆ. ಇವರು ಕೆಮ್ಮುತ್ತಾರೆ, ನಾನು ಬಿಸಿನೀರು ಕೊಡುತ್ತೇನೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.