ದಿಲ್ಲಿ ಸೀಟಿನ ಸಲುವಾಗಿ ಬಿಟ್ಟ ಹಾಲು

ಅಡ್ಮಿಷನ್ ಹೆಂಗ ಮಾಡಸಬೇಕು ಅಂತ ಸಲಹಾ ಬೇಕಾದವರು ಇಲ್ಲೇ ನಿಲ್ರಿ, ಮುಂದ ಓದಬ್ಯಾಡ್ರಿ. ಆ ವಿಷಯ ನಂಗ ಇವತ್ತಿಗೂ ಅರ್ಧಾ ತಿಳಿದಿಲ್ಲ. ಹೋದ ವರ್ಷ ನಮ್ಮ ಮನ್ಯಾಗ ಏನ ನಡೀತು ಅದನ್ನ ಹೇಳ್ತೀನಿ, ಅಷ್ಟ.

ನಾ ಒಂದು ರಕ್ತಾ ತಪಾಸ ಮಾಡೂ ಲ್ಯಾಬ್‌ನ್ಯಾಗ ಕೆಲಸಾ ಮಾಡ್ತೀನಿ. ಇಪ್ಪತ್ತ ವರ್ಷಾತು. "ರಿಪೋರ್ಟ್ ಸಂಜೀಕ ಬರ್ತೈತ್ರಿ, ಕುಂದರ್ರಿ" ಅಂತ ದಿನಾ ಹೇಳೂ ಬಾಯಿ ನಂದು. ಮಂದಿ ಕಾಯೂದನ್ನ ನೋಡಿ ನೋಡಿ ಅದರ ಮ್ಯಾಲ ನಂಗ ಕನಿಕರ ಉಳದಿಲ್ಲ. ಹಿಂಗಾಗಿ ಮಗಳು ಏಪ್ರಿಲ್‌ದಿಂದ ಜುಲೈತನಕ ಮೊಬೈಲ್ ಹಿಡಕೊಂಡು "ಮೇಲ್ ಬಂತೇನ, ಲಿಸ್ಟ್ ಬಿತ್ತೇನ" ಅಂತ ಕುಂತಾಗ ನಾ ಏನ ಬಾಳ ಮರಗಲಿಲ್ಲ. "ಬರೂದಿದ್ರ ಬರ್ತೈತಿ, ಎದ್ದ ತಾಟ ತೊಳಿ" ಅಂತಿದ್ದೆ.

ಆಕಿಗಿ ಅರ್ಥಶಾಸ್ತ್ರದ ಹುಚ್ಚ ಹಿಡದದ್ದು ಗೆಣಸಿನಿಂದ. ಪಿಯುಸಿ ಒಳಗ ಇದ್ದಾಗ ಕಾಲೇಜಿನವರು ಒಂದ ಪ್ರಾಜೆಕ್ಟ್ ಕೊಟ್ಟಿದ್ರು. ನಂದಗಡದಾಗ ನನ್ನ ತವರಮನಿ. ಅಲ್ಲಿ ಹೋಗಿ ಆರ ವಾರ ಸಂತ್ಯಾಗ ಕುಂತು ಗೆಣಸಿನ ರೇಟ ಬರಕೊಂಡ್ಲು. ನಾವು ಜೈನರು, ನೆಲದಾಗ ಬೆಳದ ಗಡ್ಡಿ ತಿನ್ನಂಗಿಲ್ಲ. ಗೆಣಸ ಮಾರೂ ಹೆಣ್ಣಮಗಳು ನಾಕನೇ ವಾರ ಕೇಳೇಬಿಟ್ಲಂತ.

"ಏನವಾ ತಂಗಿ, ವಾರಾ ವಾರಾ ಬಂದ ರೇಟ ಕೇಳ್ತಿ, ಒಂದ ಕಿಲೋನೂ ತಗೊಳ್ಳಂಗಿಲ್ಲಲಾ?"

"ನಾವು ಗೆಣಸ ತಿನ್ನಂಗಿಲ್ರೀ."

"ಹಂಗಾರ ರೇಟ ಒಯ್ದು ಉಪ್ಪಿನಕಾಯಿ ಹಾಕ್ತಿಯೇನು?"

ಉಪ್ಪಿನಕಾಯಿ ಹಾಕಲಿಲ್ಲ, ಗ್ರಾಫ್ ಹಾಕಿದ್ಲು. ಮಳಿ ಬಿದ್ದ ವಾರ ರೇಟ ಎಷ್ಟ, ಲಾರಿ ಬರಲಾರದ ವಾರ ಎಷ್ಟ ಅಂತ. "ಇದನ್ನೆಲ್ಲಾ ಲೆಕ್ಕದಾಗ ಹೇಳಾಕ ಬರ್ತೈತಿ ಮಮ್ಮಿ" ಅಂದ್ಲು. ನಾ ಹೂಂ ಅಂದೆ.

ಮೂರ ಕಡಿ ಅರ್ಜಿ ಹಾಕಿದ್ಲು. ದಿಲ್ಲಿ ಒಳಗ ಅರ್ಥಶಾಸ್ತ್ರದ ಬಿ.ಎ. ಆನರ್ಸ್, ಪುಣೇದಾಗ ಅರ್ಥಶಾಸ್ತ್ರದ ಬಿ.ಎಸ್ಸಿ. ಮೂರನೇದು ನಮ್ಮ ಬೆಳಗಾವ್ಯಾಗ, ಅದು ನಮ್ಮ ಮನಿಯವರ ಹಟಕ್ಕ. "ಹಿಂದವಾಡಿ ಮನಿಯಿಂದ ಸ್ಕೂಟಿ ಮ್ಯಾಲ ಹತ್ತ ಮಿನಿಟ, ಮಧ್ಯಾಹ್ನಕ್ಕ ಮನ್ಯಾಗ ಊಟ" ಅಂತ ಅವರ ವಾದ. ಯಾರೂ ಕಿವಿಗಿ ಹಾಕೊಳ್ಳಲಿಲ್ಲ.

ಬ್ಯಾಸಗಿ ಪೂರ್ತಿ ಆಕಿ ಬಾಯಾಗ ದಿಲ್ಲಿ. ದಿಲ್ಲಿ ಮೆಟ್ರೊ, ದಿಲ್ಲಿ ಲೈಬ್ರರಿ, ದಿಲ್ಲಿ ಒಳಗ ಓದಿದವರು ಎಲ್ಲೆಲ್ಲಿ ಕೆಲಸಾ ಮಾಡಾಕತ್ಯಾರ ಅನ್ನೂದು. ಜೂನ್ ಒಳಗ ಪುಣೆಯವರು ಕಂಪ್ಯೂಟರ್ ಮ್ಯಾಲ ಇಂಟರ್‌ವ್ಯೂ ತಗೊಂಡ್ರು. ಅಲ್ಲಿಯ ಒಬ್ಬ ಮೇಡಂ ಆ ಗೆಣಸಿನ ಗ್ರಾಫ್ ನೋಡಿ ಇಪ್ಪತ್ತ ಮಿನಿಟ ಅದನ್ನ ಕೇಳಿದ್ರಂತ. ಎಲ್ಲಿ ತಪ್ಪೈತಿ ಅನ್ನೂದನ್ನೂ ತೋರಿಸಿದ್ರಂತ. ಅವತ್ತಿಂದ ದಿಲ್ಲಿ ಮಾತ ನಿಂತ್ವು. ಮನಸ ಪುಣೆ ಕಡಿ ಹೊಳ್ಳೇತಿ ಅಂತ ನಂಗ ಗೊತ್ತಾತು. ಆಕಿ ಯಾರಿಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜುಲೈ ಒಳಗ, ಒಂದ ಮಂಗಳವಾರ ಮಧ್ಯಾಹ್ನ, ಪುಣೆ ಮೇಲ್ ಬಂತು. ಸೀಟ ಕೊಟ್ಟಾರ, ಶನಿವಾರದೊಳಗ ಹೂಂ ಅನ್ನಬೇಕು. ದಿಲ್ಲಿ ಮೊದಲನೇ ಲಿಸ್ಟ್‌ನ್ಯಾಗ ಹೆಸರಿರಲಿಲ್ಲ, ಎರಡನೇದು ಇನ್ನೂ ಬಿದ್ದಿರಲಿಲ್ಲ. ನಮ್ಮವರು ಖುಷೀಲೆ ಒಂದ ಡಬ್ಬಿ ಕುಂದಾ ತಂದ್ರು. ಮೊದಲ ನಮ್ಮತ್ತಿ ಕೈಯಾಗ ಕೊಟ್ರ ಅವರು ಡಬ್ಬಿ ಹೊಳ್ಳಿ ಮೊಮ್ಮಗಳ ಕೈಯಾಗ ಇಟ್ರು.

"ನಂದು ಹಾಲಿನ ನಿಯಮ ಐತಿ. ಕುಂದಾ ನಡ್ಯಂಗಿಲ್ಲ."

"ಯಾವಾಗಿಂದ್ರೀ ಅತ್ತಿ?" ಅಂದೆ ನಾ.

"ಅಕ್ಷಯ ತೃತೀಯಾದಿಂದ."

ನಮ್ಮ ಮಂದ್ಯಾಗ ನಿಯಮ ಅಂದ್ರ ಸಾಧುಗಳ ಮುಂದ ಕೈಮುಗದು, ಇಂಥಾದ್ದನ್ನ ಇಷ್ಟ ದಿನಾ ಬಿಡ್ತೀನಿ ಅಂತ ಮಾತ ಕೊಡೂದು. ಉಪ್ಪ ಬಿಡ್ತಾರ, ಸಕ್ರಿ ಬಿಡ್ತಾರ, ಹಾಲ ಬಿಡ್ತಾರ. ಬೆಳಗಾವಿ ಬಸ್ತಿಗಿ, ಅಂದ್ರ ನಮ್ಮ ಜೈನ ಗುಡಿಗಿ, ಬಂದಿದ್ದ ಸಾಧ್ವಿ ಮಾತಾಜಿ ಒಬ್ಬರ ಮುಂದ ಅತ್ತಿ ಹಾಲ ಬಿಟ್ಟಿದ್ರು. ಎರಡೂವರಿ ತಿಂಗಳಿಂದ ಕೋರಾ ಚಾ ಕುಡಿಯಾಕತ್ತಿದ್ರು, ಭಕ್ಕರಿಗಿ ಮೊಸರ ಹಚ್ಚಕೊಂಡಿರಲಿಲ್ಲ. ನಾ ಅದನ್ನ ಪಿತ್ತದ ಸಲುವಾಗಿ ಅಂತ ತಿಳದಿದ್ದೆ. ಊರ ಮಂದಿ ರಕ್ತದಾಗ ಏನ ಐತಿ ಅಂತ ಹೇಳೂ ನನಗ ಮನ್ಯಾಗಿನ ತಾಟ ಕಾಣಿಸಿರಲಿಲ್ಲ.

"ಎಷ್ಟ ದಿನಾ ಐತಿ ಅವ್ವಾ ನಿಯಮ?" ನಮ್ಮವರು ಕೇಳಿದ್ರು.

"ದಿನಾ ಅಲ್ಲ. ಆಕಿಗಿ ದಿಲ್ಲಿ ಸೀಟ ಸಿಗೂತನಕ."

ಮಗಳು ಡಬ್ಬಿ ಬಿಚ್ಚದ ಕಟ್ಟಿ ಮ್ಯಾಲ ಇಟ್ಲು.

ಅತ್ತಿ ಆಕೀನ್ನ ಕೇಳಿದ್ರು. "ಈ ಪುಣೆದು, ಆ ದಿಲ್ಲಿದು, ಎರಡೂ ಒಂದ ವಿದ್ಯಾ ಅಲ್ಲೇನ?"

"ವಿಷಯ ಒಂದ ಆಯಿ. ದಿಲ್ಲಿದ್ರಾಗ ಬರಿಯೂದ ಜಾಸ್ತಿ, ಪುಣೆದ್ರಾಗ ಗಣಿತ ಜಾಸ್ತಿ" ಅಂತ ಮಗಳು ಅಜ್ಜಿಗಿ ಹೇಳಿದ್ಲು.

"ಬರಿಯೂದ ಚಲೋ ಅಲ್ಲಾ? ನಿನ್ನ ಅಕ್ಷರ ದುಂಡಗ ಅದಾವು."

ಮಗಳು ನಗಲಿಲ್ಲ. ಮರುದಿನ ಮುಂಜಾನೆ ಅಡಗಿಮನಿಗಿ ಬಂದು, "ಪುಣೆ ಬಿಡ್ತೀನಿ ಮಮ್ಮಿ. ದಿಲ್ಲಿ ಲಿಸ್ಟ್ ನೋಡೂನು" ಅಂದ್ಲು.

"ಎರಡನೇ ಲಿಸ್ಟ್‌ನ್ಯಾಗ ಬರದಿದ್ರ?"

"ಬರದಿದ್ರ ಪಪ್ಪಾನ ಸ್ಕೂಟಿ ಕಾಲೇಜ."

ಪುಣೆ ಕೈ ಬಿಟ್ಟು ದಿಲ್ಲಿನೂ ಸಿಗಲಿಲ್ಲ ಅಂದ್ರ ಆಕಿಗಿ ಬೇಕಾದ್ದು ಯಾವದೂ ಉಳ್ಯಾಂಗಿರಲಿಲ್ಲ. ದಿಲ್ಲಿ ಸಿಕ್ರೂ ಆಕಿ ಹೋಗೂದು ಆಯಿ ಚಾದಾಗ ಹಾಲ ಬೀಳಲಿ ಅಂತ. ನಂಗ ಸಿಟ್ಟ ಬಂತು. ಯಾರ ಮ್ಯಾಲ ಅನ್ನೂದು ಮಾತ್ರ ಗೊತ್ತಾಗಲಿಲ್ಲ. ಅತ್ತಿಗಿ ಹೇಳಿದೆ, "ನಿಯಮ ಕೊಟ್ಟ ಮಾತಾಜೀನ್ನ ಕೇಳೂಣು ನಡ್ರಿ. ಏನರ ದಾರಿ ಹೇಳ್ತಾರ." ಮಾತಾಜಿ ಆ ಮಳಿಗಾಲದ ನಾಕ ತಿಂಗಳಿಗಿ ಖಾನಾಪುರ ಬಸ್ತ್ಯಾಗ ನಿಂತಿದ್ರು. ಶುಕ್ರವಾರ ನಾ ರಜಾ ಹಾಕಿದೆ. ಮೂರೂ ಮಂದಿ ಮುಂಜಾನೆ ರೈಲಿಗಿ ಹೋದ್ವಿ.

ಬಸ್ತ್ಯಾಗ ಗದ್ದಲಿರಲಿಲ್ಲ. ಮಾತಾಜಿ ಒಂದ ಕಟಗಿ ಹಲಗಿ ಮ್ಯಾಲ ಕುಂತಿದ್ರು. "ವಂದಾಮಿ ಮಾತಾಜಿ" ಅಂತ ಮೂರೂ ಮಂದಿ ಕೆಳಗ ಕುಂತ್ವಿ. ಅತ್ತಿ ಎಲ್ಲಾ ಹೇಳಿ, ಕಡೀಕ ಮೆಲ್ಲಕ ಕೇಳಿದ್ರು.

"ದಿಲ್ಲಿ ಬದಲಿ ಪುಣೆ ಮಾಡಾಕ ಬರ್ತೈತೇನ್ರೀ?"

"ನಿಯಮಾನ ರೈಲಿನ ಟಿಕೀಟ ಅಂತ ತಿಳದೀರೇನು, ಊರ ಬದಲಿ ಮಾಡಾಕ?" ಅಂದ್ರು ಮಾತಾಜಿ. "ನಾ ಅವತ್ತ ಎಷ್ಟ ದಿನಾ ಅಂತ ಕೇಳಿದ್ದೆ. ನೀವು ದಿನಾ ಹೇಳಲಿಲ್ಲ, ಊರ ಹೇಳಿದ್ರಿ."

ಅತ್ತಿ ಸೆರಗ ಸರಿ ಮಾಡಕೊಂಡ್ರು. ಮಗಳ ಕಣ್ಣಾಗ ನೀರ ಬಂದಿತ್ತು. ಮಾತಾಜಿ ಆಕಿ ಕಡಿ ಹೊಳ್ಳಿದ್ರು.

"ನೀ ಯಾಕ ಅಳ್ತಿ? ನಿಯಮ ನಿಂದೇನು?"

"ಇಲ್ರೀ. ಆದ್ರ ಆಯಿ ನನ್ನ ಸಲುವಾಗಿ ಬಿಟ್ಟಾಳ."

"ನಿನ್ನ ಸಲುವಾಗಿ ಏನೂ ಬಿಟ್ಟಿಲ್ಲ. ನಾಲಿಗಿ ಆಕೀದು, ಬಿಟ್ಟಾಕಿನೂ ಆಕೀನ. ನಿನ್ನ ಹೆಸರ ಸುಮ್ನ ನಡುವ ತಂದಾಳ. ನಿಯಮ ಮುರೀರಿ ಅಂತ ನಾ ಹೇಳಂಗಿಲ್ಲ. ನೀ ದಿಲ್ಲಿಗಿ ಹೋಗು ಅಂತನೂ ಹೇಳಂಗಿಲ್ಲ."

ಅಷ್ಟ. ಹಿಂದ ಬ್ಯಾರೇ ಮಂದಿ ಬಂದು ನಿಂತಿದ್ರು, ನಾವು ಎದ್ವಿ. ಖರೇ ಹೇಳ್ಬೇಕಂದ್ರ ನಂಗ ನಿರಾಸೆ ಆತು. ಡಾಕ್ಟರು ಚೀಟಿ ಬರದ ಕೊಟ್ಟಂಗ ಏನರ ಒಂದ ಉಪಾಯ ಕೊಡ್ತಾರ ಅಂತ ನಾ ಹೋಗಿದ್ದೆ.

ಹೊಳ್ಳಿ ಬರೂ ರೈಲಿನ್ಯಾಗ ಅತ್ತಿ ಕಿಟಕಿ ಬಾಜೂಕ ಕುಂತಿದ್ರು. ದೇಸೂರ ಸ್ಟೇಷನ್ ಇನ್ನೂ ಬಂದಿರಲಿಲ್ಲ, ತಟ್ನ ಮೊಮ್ಮಗಳ ಮಣಕಾಲ ಮ್ಯಾಲ ಬಡದ್ರು.

"ಖರೇ ಹೇಳು. ನಿಂಗ ಯಾವ ಊರ ಬೇಕು?"

"ಪುಣೆ."

"ಯಾವಾಗಿಂದ?"

"ಜೂನ್‌ದಿಂದ."

"ಅಯ್ಯ ನಿನ್ನ! ನಂಗೊಂದ ಮಾತ ಹೇಳಬಾರದೇನ? ನಾ ಇಲ್ಲಿ ದಿಲ್ಲಿ ದಿಲ್ಲಿ ಅಂತ ಬ್ಯಾರೇ ಊರಿನ ಜಪಾ ಮಾಡಕೋತ ಕುಂತೇನಿ."

"ನೀ ಹಾಲ ಬಿಟ್ಟದ್ದ ನಂಗ ಹೇಳಿದ್ದೇನ?"

"ಹೇಳಕೋತ ಅಡ್ಡಾಡಿದ್ರ ನಿಯಮದ ಫಲಾ ಹೋಕ್ಕೈತಿ."

"ಹೇಳದಿದ್ದಕ್ಕ ನನ್ನ ಸೀಟ ಹೋಗೂದಿತ್ತು ಆಯಿ."

ಅತ್ತಿ ಆಕಿ ಮಾರಿ ನೋಡಿ ನಕ್ಕಬಿಟ್ರು. ಎದುರಿಗಿ ಕುಂತಾಂವ ಶೇಂಗಾ ಸುಲಿಯೂದ ನಿಲ್ಲಿಸಿ ನಮ್ಮ ಕಡಿ ನೋಡಿದ. "ಪುಣೆಗಿ ಹೂಂ ಅನ್ನು. ಈಗಿಂದೀಗ ಅನ್ನು" ಅಂದ್ರು ಅತ್ತಿ. ದೇಸೂರದಾಗ ಎದುರಿನ ಗಾಡಿ ಬರೂತನಕ ನಮ್ಮ ರೈಲ ನಿಲ್ಲಿಸಿದ್ರು, ಮೊಬೈಲ್‌ಗಿ ನೆಟ್‌ವರ್ಕ್ ಸಿಕ್ತು. ಆಕಿ ಬಟನ್ ಒತ್ತಿದ್ಲು. ಮೂರ ತಿಂಗಳ ಕಾದದ್ದು ಅರ್ಧಾ ಮಿನಿಟಿನ್ಯಾಗ ಮುಗೀತು.

ಮುಗೀತು ಅಂತ ನಾವ ತಿಳದಿದ್ವಿ. ಮನಿಗಿ ಬಂದ್ರ ನಮ್ಮವರು ಒಂದ ಉಪಾಯ ತಯಾರ ಮಾಡಿಟ್ಟಿದ್ರು.

"ಪುಣೆ ಪಕ್ಕಾ ಆತು ಹೌದಲ್ಲೋ? ದಿಲ್ಲಿ ಅರ್ಜಿ ಹಂಗ ಇರ್ಲಿ. ಇವತ್ತಲ್ಲಾ ನಾಳೆ ಯಾವದರ ಲಿಸ್ಟ್‌ನ್ಯಾಗ ಹೆಸರ ಬರ್ತೈತಿ. ಬಂದ ಕೂಡ್ಲೆ ಸೀಟ ಹಿಡಿಯೂದು. ದಿಲ್ಲಿ ಸೀಟ ಸಿಕ್ಕಂಗಾತು, ನಿಯಮ ಮುಗೀತು, ಅವ್ವ ಹಾಲಿನ ಚಾ ಕುಡದ್ಲು. ಮರುದಿನ ಸೀಟ ಬಿಟ್ಟಬಿಡೂದು."

ನಾ ಮುಚ್ಚಿಡಂಗಿಲ್ಲ, ಉಪಾಯ ನಂಗ ಸೇರ್ತು. ಬಸ್ತ್ಯಾಗ ಸಿಗಲಾರದ್ದು ಮನ್ಯಾಗ ಸಿಕ್ತಲಾ ಅನಸ್ತು. ಮಗಳ ಮಾರಿ ಮ್ಯಾಲೂ ಮಂಗಳವಾರದಿಂದ ಮೊದಲನೇ ಸಲ ಒಂದ ಕಳಾ ಬಂತು. ಮರುದಿನ ಸಂಜಿಮುಂದ ಅತ್ತಿ ಮೊಮ್ಮಗಳನ್ನ ಕರದ್ರು.

"ಹಿಡಕೊಂಡ ಬಿಟ್ಟ ಸೀಟ ಏನ ಆಕ್ಕೈತಿ?"

"ಮುಂದಿನ ಲಿಸ್ಟ್‌ನ್ಯಾಗ ಬ್ಯಾರೇದವರಿಗಿ ಹೋಕ್ಕೈತಿ ಆಯಿ."

"ಅಲ್ಲೀತನಕ ಅವರು?"

"ಕಾಯ್ತಾರ. ಇಲ್ಲಾ ಬ್ಯಾಸತ್ತು ಬ್ಯಾರೇ ಕಡಿ ಸೇರ್ತಾರ."

"ಹಂಗಾರ ನಿನ್ನ ದಿಲ್ಲಿ ಅರ್ಜಿ ವಾಪಸ್ ತಗಿ."

"ಅವ್ವಾ, ಎಲ್ಲಾರೂ ಹಿಂಗ ಮಾಡ್ತಾರ" ಅಂದ್ರು ನಮ್ಮವರು.

"ಮಾಡ್ಲಿ. ಯಾರದೋ ಮನಿ ಹುಡುಗೀನ ಬಾಗಲಾಗ ನಿಲ್ಲಿಸಿ ನನಗ ಹಾಲ ಕುಡಸ್ತಿಯೇನ ನೀ?"

ಮಗಳು ಮೊಬೈಲ್ ತಗದ್ಲು, ಒತ್ತಲಿಲ್ಲ. "ಆಯಿ, ಇದನ್ನ ತಗದ್ರ ದಿಲ್ಲಿ ಸೀಟ ಮತ್ತ ಎಂದೂ ಸಿಗಂಗಿಲ್ಲ. ಹಾಲು ಜನ್ಮಕ್ಕ ಹೋತು."

"ಎಪ್ಪತ್ತನಾಕ ವರ್ಷ ಕುಡದೇನಿ. ಏನ ಕಮ್ಮಿ ಆತು?"

ಅರ್ಜಿ ತಗಿಯೂದು ಖರೇನಾ ಅಂತ ಮೊಬೈಲ್ ಎರಡ ಸಲ ಕೇಳ್ತು. ಎರಡನೇ ಸಲ ಆಕಿ ನನ್ನ ಕಡಿ ನೋಡಿದ್ಲು. "ನನ್ನ ನೋಡಬ್ಯಾಡ" ಅಂದೆ. ಒತ್ತಿದ್ಲು. ಅತ್ತಿ ಹೊರಗ ಬೆಳಕ ನೋಡಿ, "ಹೊತ್ತ ಮುಳಗಾಕತ್ತೈತಿ, ಊಟಕ್ಕ ಹಾಕ್ರಿ" ಅಂದ್ರು. ನಾವು ಹೊತ್ತ ಮುಳಗೂದರೊಳಗ ಉಣ್ಣೂ ಮಂದಿ. ಉಂಡ್ವಿ.

ಎರಡನೇ ಲಿಸ್ಟ್ ಬಿತ್ತಂತ. ಆಕಿ ಹೆಸರ ಬರತಿತ್ತೋ ಇಲ್ಲೋ ನಮಗ ಗೊತ್ತಿಲ್ಲ, ನಾವ್ಯಾರೂ ನೋಡಾಕ ಹೋಗಲಿಲ್ಲ. ಆಗಸ್ಟ್‌ನ್ಯಾಗ ಮಗಳು ಪುಣೆಗಿ ಹೋದ್ಲು. ಸೆಪ್ಟೆಂಬರ್ ಒಳಗ ನಾ ಅತ್ತಿ ರಕ್ತಾ ತಗೊಂಡು ನಮ್ಮ ಲ್ಯಾಬ್‌ನ್ಯಾಗ ನೋಡಿದೆ. ಬಿ-ಹನ್ನೆರಡು ಕಡಿಮಿ ಬಂತು. ಗುಳಿಗಿ ಕೊಟ್ಟೆ. "ಇದರಾಗ ಹಾಲಿಲ್ಲ ಹೌದಲ್ಲೋ?" ಅಂತ ಕೇಳಿ, ಡಬ್ಬಿ ಮ್ಯಾಲಿಂದ ನನ್ನ ಕಡೀಲೆ ಎಲ್ಲಾ ಓದಿಸಿ, ಆಮ್ಯಾಲ ನುಂಗಿದ್ರು.

ಅಕ್ಟೋಬರ್ ಒಳಗ ಒಂದ ದಿನ ಮಗಳು ನಂಗ ಲ್ಯಾಬಿಗಿ ಫೋನ ಹಚ್ಚಿದ್ಲು. ಮೊದಲನೇ ಟೆಸ್ಟ್‌ನ್ಯಾಗ, ಗಣಿತಕ್ಕ, ಇಪ್ಪತ್ತಕ್ಕ ಏಳ ಬಿದ್ದಿತ್ತು. "ಆಯಿಗಿ ಹೇಳಬ್ಯಾಡ ಮಮ್ಮಿ" ಅಂದ್ಲು. ಹೇಳದ ಇಟ್ಟು ಇಟ್ಟು ನಮ್ಮ ಮನ್ಯಾಗ ಏನೇನ ಆತು ಅಂತ ನೋಡಿದ್ದೆ. ಸಂಜೀಕ ಮನಿಗಿ ಹೋದಾಕಿನ ಹೇಳಿದೆ.

ಅತ್ತಿ "ಫೋನ ಹಚ್ಚು" ಅಂದ್ರು. ಹಚ್ಚಿಕೊಟ್ಟೆ.

"ದಿಲ್ಲಿಗಿ ಹೋಗಬೇಕಿತ್ತು ಅನಸ್ತೈತೇನು?"

ಆ ಕಡಿ ಮೆಸ್ಸಿನ್ಯಾಗ ತಾಟ ಬಡಿಯೂ ಸಪ್ಪಳ, ಯಾರೋ ನಗಾಕತ್ತಿದ್ರು.

"ಇಲ್ಲ ಆಯಿ. ನಂಗ ಇಲ್ಲೇ ಬೇಕು. ಆದ್ರ ಗಣಿತ ಬರವಲ್ದು."

"ಬರವಲ್ದಂದ್ರ ಆ ಗೆಣಸಿನ ಮೇಡಂ ಮುಂದ ಹೋಗಿ ಕುಂದರು. ನನ್ನ ಮುಂದ ಅತ್ತರ ನಂಗೇನ ಬರ್ತೈತಿ?" ಅಂದು ಫೋನ ನನ್ನ ಕೈಯಾಗ ಕೊಟ್ರು.